ಡಲ್ಲಾಸ್‌ನಿಂದ ನೇಪರ್‌ವಿಲ್‌ಗೆ: ಮನೆ ಬದಲಾದಾಗ ನರ್ಸ್ ಲೈಸೆನ್ಸ್‌ಗೆ ಏನಾಯಿತು

ಪ್ರಕರಣ ಇಷ್ಟು. ಮಂಗಳೂರಿನಲ್ಲಿ ಬಿಎಸ್ಸಿ ನರ್ಸಿಂಗ್ ಓದಿದ ಒಬ್ಬರು ಅಮೆರಿಕದ ಟೆಕ್ಸಾಸ್‌ನಲ್ಲಿದ್ದರು. ಅವರ ಬಳಿ ಮಲ್ಟಿಸ್ಟೇಟ್ ಲೈಸೆನ್ಸ್ ಇತ್ತು, ಅಂದರೆ ಹಲವು ರಾಜ್ಯಗಳಲ್ಲಿ ನಡೆಯುವ ಒಂದೇ ಲೈಸೆನ್ಸ್. ಮನೆಯಲ್ಲೇ ಕೂತು ಫೋನ್ ಮತ್ತು ವಿಡಿಯೋ ಮೂಲಕ ಐದು ರಾಜ್ಯಗಳ ರೋಗಿಗಳನ್ನು ನೋಡಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಗಂಡನ ಕೆಲಸ ಶಿಕಾಗೋಗೆ ಬದಲಾಯಿತು. ಕುಟುಂಬ ಇಲಿನಾಯ್ ರಾಜ್ಯದ ನೇಪರ್‌ವಿಲ್‌ಗೆ ಬಂತು. ಕಂಪನಿ ಅದೇ, ಕಂಪ್ಯೂಟರ್ ಅದೇ, ರೋಗಿಗಳ ಪಟ್ಟಿಯೂ ಅದೇ. ಆದರೆ ಐದರಲ್ಲಿ ನಾಲ್ಕು ರಾಜ್ಯಗಳಲ್ಲಿ ಕೆಲಸ ಮಾಡುವ ಹಕ್ಕು ಅವರ ಕೈತಪ್ಪಿತ್ತು. ಅದು ಅವರಿಗೂ ಗೊತ್ತಾಗಲಿಲ್ಲ, ಕಂಪನಿಗೂ ಗೊತ್ತಾಗಲಿಲ್ಲ. ಜೂನ್‌ನಲ್ಲಿ ಆದದ್ದು ಬೆಳಕಿಗೆ ಬಂದದ್ದು ನವೆಂಬರ್‌ನಲ್ಲಿ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಇದು ಯಾರೋ ಒಬ್ಬರ ಖಾಸಗಿ ಕಥೆ ಅಲ್ಲ. ರಾಜ್ಯ ಬದಲಿಸುವ ನರ್ಸ್‌ಗಳಿಗೆ ಆಗಬಹುದಾದದ್ದನ್ನು ಒಬ್ಬರ ಮೇಲಿಟ್ಟು ನಾನೇ ಕಟ್ಟಿದ ಪ್ರಕರಣ. ಕಂಪನಿಗೂ ಅದಕ್ಕೇ ಹೆಸರಿಟ್ಟಿಲ್ಲ. ನಿಯಮಗಳು, ದಿನಾಂಕಗಳು, ರಾಜ್ಯಗಳು ಮಾತ್ರ ಇದ್ದದ್ದು ಇದ್ದ ಹಾಗೆ. ಆಕೆಯನ್ನು ನಮ್ಮ ಆಸ್ಪತ್ರೆಗಳಲ್ಲಿ ಕರೆಯುವ ಹಾಗೆ ಸಿಸ್ಟರ್ ಎಂದೇ ಕರೆಯುತ್ತೇನೆ.

ಲೈಸೆನ್ಸ್ ಬಂದ ದಾರಿ

ಸಿಸ್ಟರ್ ಓದು ಮುಗಿಸಿ ಬೆಂಗಳೂರಿನ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ರಿಜಿಸ್ಟರ್ ಆದರು. ಕೆಲವು ವರ್ಷ ಐಸಿಯು ಡ್ಯೂಟಿ ಮಾಡಿದರು. ಅಮೆರಿಕಕ್ಕೆ ಬೇಕಾದ ಎನ್‌ಕ್ಲೆಕ್ಸ್ ಪರೀಕ್ಷೆಯನ್ನು ಬೆಂಗಳೂರಿನ ಸೆಂಟರ್‌ನಲ್ಲೇ ಬರೆದು ಪಾಸಾದರು. ಮೊದಲ ಲೈಸೆನ್ಸ್ ಸಿಕ್ಕಿದ್ದು ನ್ಯೂಯಾರ್ಕ್ ರಾಜ್ಯದ್ದು. ಸೋಷಿಯಲ್ ಸೆಕ್ಯುರಿಟಿ ನಂಬರ್ (ಅಮೆರಿಕ ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಇಲ್ಲದವರಿಗೂ ಆ ರಾಜ್ಯ ಲೈಸೆನ್ಸ್ ಕೊಡುತ್ತದೆ. ಇನ್ನೂ ಭಾರತದಲ್ಲೇ ಇರುವ ನರ್ಸ್‌ಗಳು ಆ ದಾರಿ ಹಿಡಿಯುವುದು ಇದೇ ಕಾರಣಕ್ಕೆ. ಆಮೇಲೆ ಕೆಲಸದ ಆಧಾರದ ಇಬಿ-3 ವರ್ಗದಲ್ಲಿ ಗ್ರೀನ್ ಕಾರ್ಡ್ ಬಂತು. ಡಲ್ಲಾಸ್‌ನ ಒಂದು ಆಸ್ಪತ್ರೆಯಲ್ಲಿ ಕೆಲಸವೂ ಸಿಕ್ಕಿತು.

ನ್ಯೂಯಾರ್ಕ್ ಲೈಸೆನ್ಸ್ ಇಟ್ಟುಕೊಂಡು ಟೆಕ್ಸಾಸ್‌ನಲ್ಲಿ ಕೆಲಸ ಮಾಡಲಾಗುವುದಿಲ್ಲ. ಇದು ನಮಗೆ ಹೊಸದೇನಲ್ಲ. ಕರ್ನಾಟಕದಲ್ಲಿ ರಿಜಿಸ್ಟರ್ ಆದ ನರ್ಸ್ ಕೇರಳದಲ್ಲೋ ಮಹಾರಾಷ್ಟ್ರದಲ್ಲೋ ಕೆಲಸಕ್ಕೆ ಸೇರಿದರೆ ಅಲ್ಲಿನ ಕೌನ್ಸಿಲ್‌ನಲ್ಲೂ ರಿಜಿಸ್ಟರ್ ಆಗಬೇಕು, ಅಲ್ವಾ? ಅಮೆರಿಕದಲ್ಲೂ ನರ್ಸಿಂಗ್ ಲೈಸೆನ್ಸ್ ಕೊಡುವುದು ಆಯಾ ರಾಜ್ಯದ ಬೋರ್ಡ್. ಕೇಂದ್ರ ಸರ್ಕಾರ ಕೊಡುವ ಲೈಸೆನ್ಸ್ ಅಲ್ಲಿ ಇಲ್ಲ. ಒಂದು ರಾಜ್ಯದ ಲೈಸೆನ್ಸ್ ತೋರಿಸಿ ಇನ್ನೊಂದು ರಾಜ್ಯದ್ದನ್ನು ಪಡೆಯುವುದಕ್ಕೆ ಎಂಡಾರ್ಸ್‌ಮೆಂಟ್ ಎನ್ನುತ್ತಾರೆ. ಸಿಸ್ಟರ್ ಟೆಕ್ಸಾಸ್ ಬೋರ್ಡ್‌ಗೆ ಎಂಡಾರ್ಸ್‌ಮೆಂಟ್ ಅರ್ಜಿ ಹಾಕಿದರು, ಅಲ್ಲಿನ ನರ್ಸಿಂಗ್ ಕಾನೂನಿನ ಪರೀಕ್ಷೆ ಬರೆದರು, ಬೆರಳಚ್ಚು ಕೊಟ್ಟರು. ಡಲ್ಲಾಸ್‌ನಲ್ಲಿ ಮನೆ ಮಾಡಿದ್ದರು, ಸೋಷಿಯಲ್ ಸೆಕ್ಯುರಿಟಿ ನಂಬರೂ ಬಂದಿತ್ತು. ಹಾಗಾಗಿ ಟೆಕ್ಸಾಸ್ ಲೈಸೆನ್ಸ್ ಮಲ್ಟಿಸ್ಟೇಟ್ ಆಗಿಯೇ ಬಂತು.

ಈ ಮಲ್ಟಿಸ್ಟೇಟ್ ವ್ಯವಸ್ಥೆಯ ಹೆಸರು ನರ್ಸ್ ಲೈಸೆನ್ಶರ್ ಕಾಂಪ್ಯಾಕ್ಟ್. ಇದು ರಾಜ್ಯ ರಾಜ್ಯಗಳ ನಡುವಿನ ಒಪ್ಪಂದ. ಪ್ರತಿ ರಾಜ್ಯದ ಶಾಸನಸಭೆ ಒಂದೇ ಮಾದರಿಯ ಕಾನೂನು ಪಾಸು ಮಾಡಿ ಸೇರಿಕೊಳ್ಳಬೇಕು. ಮೊದಲ ಒಪ್ಪಂದ 2000ದ ಹೊತ್ತಿಗೆ ಟೆಕ್ಸಾಸ್, ಯೂಟಾ, ವಿಸ್ಕಾನ್ಸಿನ್‌ನಂಥ ಕೆಲವೇ ರಾಜ್ಯಗಳಲ್ಲಿ ಶುರುವಾಯಿತು. ಈಗಿರುವ ಬಿಗಿಯಾದ ರೂಪ ಜಾರಿಗೆ ಬಂದದ್ದು 2018ರ ಜನವರಿ 19ರಂದು. ಈಗ ದೇಶದ ಬಹುಪಾಲು ರಾಜ್ಯಗಳು ಇದರಲ್ಲಿವೆ. ಆದರೆ ದೊಡ್ಡ ದೊಡ್ಡ ಹೆಸರುಗಳೇ ಹೊರಗಿವೆ: ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ಇಲಿನಾಯ್, ಮಿಷಿಗನ್, ಮಿನೆಸೋಟಾ, ಆರೆಗಾನ್, ನೆವಾಡಾ. ಅಲಾಸ್ಕಾ ಮತ್ತು ಹವಾಯಿ ಕೂಡ. ಇದು 2025ರ ಚಿತ್ರ. ಕನ್ನಡದವರು ಹೆಚ್ಚಾಗಿ ನೆಲೆಸಿರುವ ಸಿಲಿಕಾನ್ ವ್ಯಾಲಿಯೂ ಶಿಕಾಗೋ ಸುತ್ತಮುತ್ತಲೂ ಈ ಹೊರಗಿನ ಪಟ್ಟಿಯಲ್ಲೇ ಇವೆ ಎಂಬುದನ್ನು ಗಮನಿಸಿ.

ಮಲ್ಟಿಸ್ಟೇಟ್ ಲೈಸೆನ್ಸ್‌ಗೆ ಹನ್ನೊಂದು ಸಮಾನ ಷರತ್ತುಗಳಿವೆ. ನಮ್ಮವರಿಗೆ ಮುಖ್ಯವಾದವು ಕೆಲವು. ಎನ್‌ಕ್ಲೆಕ್ಸ್ ಪಾಸಾಗಿರಬೇಕು. ಹೊರದೇಶದ ಓದು ಅಲ್ಲಿನದಕ್ಕೆ ಸಮ ಎಂದು ಪರಿಶೀಲನೆ ಆಗಿರಬೇಕು. ಓದು ಇಂಗ್ಲಿಷ್‌ನಲ್ಲಿ ಆಗಿರದಿದ್ದರೆ ಅಥವಾ ಮಾತೃಭಾಷೆ ಇಂಗ್ಲಿಷ್ ಅಲ್ಲದಿದ್ದರೆ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು. ಬೆರಳಚ್ಚು ಆಧಾರದ ಹಿನ್ನೆಲೆ ತಪಾಸಣೆ ಆಗಬೇಕು, ಗಂಭೀರ ಅಪರಾಧದ ಶಿಕ್ಷೆ ಇರಬಾರದು. ಸೋಷಿಯಲ್ ಸೆಕ್ಯುರಿಟಿ ನಂಬರ್ ಬೇಕು. ಇವುಗಳಲ್ಲಿ ಹೆಚ್ಚಿನವನ್ನು ಒಂದು ಸಲ ಪೂರೈಸಿದರೆ ಮುಗಿಯಿತು. ಆದರೆ ಲೈಸೆನ್ಸ್ ಮಲ್ಟಿಸ್ಟೇಟ್ ಆಗಿ ಉಳಿಯುವುದು ಇವಿಷ್ಟರಿಂದಲೇ ಅಲ್ಲ. ನರ್ಸ್‌ನ ಕಾಯಂ ವಾಸದ ರಾಜ್ಯ ಕಾಂಪ್ಯಾಕ್ಟ್‌ನಲ್ಲಿ ಇರಬೇಕು. ಕೆಲಸ ಎಲ್ಲಿ, ಕಂಪನಿ ಎಲ್ಲಿಯದು ಎನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಕೇಳುವುದು ಮನೆ ಎಲ್ಲಿ ಎಂದು.

ಇದನ್ನು ಡ್ರೈವಿಂಗ್ ಲೈಸೆನ್ಸ್‌ಗೆ ಹೋಲಿಸಿ ಹೇಳುವುದುಂಟು: ಒಂದು ರಾಜ್ಯದಲ್ಲಿ ತೆಗೆದುಕೊಂಡರೆ ಇನ್ನೊಂದರಲ್ಲೂ ಓಡಿಸಬಹುದು ಎಂದು. ಈ ಹೋಲಿಕೆ ಅರ್ಧಕ್ಕೆ ನಿಂತುಬಿಡುತ್ತದೆ. ಟೆಕ್ಸಾಸ್‌ನ ಡ್ರೈವಿಂಗ್ ಲೈಸೆನ್ಸ್‌ನಲ್ಲಿ ಇಲಿನಾಯ್‌ಗೂ ಹೋಗಿ ಕಾರು ಓಡಿಸಬಹುದು. ಟೆಕ್ಸಾಸ್‌ನ ಮಲ್ಟಿಸ್ಟೇಟ್ ಲೈಸೆನ್ಸ್‌ನಲ್ಲಿ ಇಲಿನಾಯ್‌ನ ರೋಗಿಯನ್ನು ಮುಟ್ಟುವಂತಿಲ್ಲ.

ಜೂನ್‌ನಲ್ಲಿ ಆದದ್ದು

ಸಿಸ್ಟರ್ ಆಸ್ಪತ್ರೆ ಕೆಲಸ ಬಿಟ್ಟು ಕೇರ್ ಮ್ಯಾನೇಜ್‌ಮೆಂಟ್ ಕಂಪನಿ ಸೇರಿ ಆಗಲೇ ಸ್ವಲ್ಪ ಕಾಲ ಆಗಿತ್ತು. ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವವರಿಗೆ ಫೋನ್ ಮಾಡುವುದು, ಔಷಧಿ ಸರಿಯಾಗಿ ತೆಗೆದುಕೊಳ್ಳುತ್ತಿದ್ದಾರಾ ನೋಡುವುದು, ಕಾಲು ಊದಿಕೊಂಡಿದೆ ಎಂದರೆ ಡಾಕ್ಟರ್‌ಗೆ ಹೇಳುವುದು. ರೋಗಿಗಳು ಟೆಕ್ಸಾಸ್, ಓಕ್ಲಹೋಮಾ, ಮಿಸೌರಿ, ಅರಿಜೋನಾ, ಫ್ಲೋರಿಡಾ ರಾಜ್ಯಗಳವರು. ಐದೂ ಕಾಂಪ್ಯಾಕ್ಟ್ ರಾಜ್ಯಗಳೇ. ಟೆಕ್ಸಾಸ್‌ನ ಒಂದೇ ಲೈಸೆನ್ಸ್ ಐದಕ್ಕೂ ಸಾಕಾಗಿತ್ತು.

2025ರ ಜೂನ್‌ನಲ್ಲಿ ಮನೆ ಬದಲಾಯಿತು. ಮ್ಯಾನೇಜರ್‌ಗೆ ಹೇಳಿದರು. "ಇಂಟರ್ನೆಟ್ ಚೆನ್ನಾಗಿದೆ ತಾನೇ?" ಎಂದು ಅವರು ಕೇಳಿದರು, ಅಲ್ಲಿಗೆ ಮುಗಿಯಿತು. ಸಿಸ್ಟರ್ ಕಂಪನಿಯ ಪೋರ್ಟಲ್‌ನಲ್ಲಿ ಹೊಸ ವಿಳಾಸ ಹಾಕಿದರು. ಮಕ್ಕಳನ್ನು ಶಾಲೆಗೆ ಸೇರಿಸುವುದು, ಡ್ರೈವಿಂಗ್ ಲೈಸೆನ್ಸ್ ಬದಲಿಸುವುದು, ಅರೋರಾದ ಬಾಲಾಜಿ ದೇವಸ್ಥಾನಕ್ಕೆ ಹೋಗಿ ಬರುವುದು, ವಿದ್ಯಾರಣ್ಯ ಕನ್ನಡ ಕೂಟದ ಕಾರ್ಯಕ್ರಮದಲ್ಲಿ ನಮ್ಮವರ ಪರಿಚಯ ಮಾಡಿಕೊಳ್ಳುವುದು. ಹೊಸ ಊರಲ್ಲಿ ಯಾರಾದರೂ ಮಾಡುವುದೇ. ಟೆಕ್ಸಾಸ್ ನರ್ಸಿಂಗ್ ಬೋರ್ಡ್‌ಗೆ ವಿಳಾಸ ಬದಲಾವಣೆ ತಿಳಿಸಬೇಕು ಎಂಬುದು ಮಾತ್ರ ತಲೆಗೆ ಬರಲಿಲ್ಲ. ಟೆಕ್ಸಾಸ್ ಲೈಸೆನ್ಸ್ ನವೆಂಬರ್‌ವರೆಗೆ ಚಾಲ್ತಿಯಲ್ಲಿದೆಯಲ್ಲ ಎಂಬ ಧೈರ್ಯ ಇತ್ತು.

ಕಾನೂನು ಏನು ಹೇಳುತ್ತದೆ ನೋಡಿ. ಕಾಂಪ್ಯಾಕ್ಟ್ ರಾಜ್ಯದಿಂದ ಕಾಂಪ್ಯಾಕ್ಟ್‌ನಲ್ಲಿ ಇಲ್ಲದ ರಾಜ್ಯಕ್ಕೆ ವಾಸ ಬದಲಿಸಿದರೆ ಹಳೆಯ ಮಲ್ಟಿಸ್ಟೇಟ್ ಲೈಸೆನ್ಸ್ ಸಿಂಗಲ್ ಸ್ಟೇಟ್ ಲೈಸೆನ್ಸ್ ಆಗಿ ಬದಲಾಗುತ್ತದೆ. ಅದು ಹಳೆಯ ರಾಜ್ಯದೊಳಗೆ ಮಾತ್ರ ನಡೆಯುತ್ತದೆ. ಅಂದರೆ ಸಿಸ್ಟರ್ ನೇಪರ್‌ವಿಲ್‌ನಲ್ಲಿ ಕೂತು ಟೆಕ್ಸಾಸ್ ರೋಗಿಗೆ ಫೋನ್ ಮಾಡಿದರೆ ಆ ಮಟ್ಟಿಗೆ ಅಧಿಕಾರ ಇದೆ. ಓಕ್ಲಹೋಮಾ, ಮಿಸೌರಿ, ಅರಿಜೋನಾ, ಫ್ಲೋರಿಡಾಕ್ಕೆ ಇಲ್ಲ.

ಸಿಸ್ಟರ್‌ಗೆ ಅರುವತ್ತು ದಿನದ ನಿಯಮ ಎಲ್ಲೋ ಕೇಳಿದ ನೆನಪಿತ್ತು. ಅದು ಅವರಿಗೆ ಅನ್ವಯಿಸುವುದೇ ಇಲ್ಲ. 2024ರ ಜನವರಿ 2ರಿಂದ ಜಾರಿಯಲ್ಲಿರುವ ಆ ನಿಯಮ ಒಂದು ಕಾಂಪ್ಯಾಕ್ಟ್ ರಾಜ್ಯದಿಂದ ಇನ್ನೊಂದು ಕಾಂಪ್ಯಾಕ್ಟ್ ರಾಜ್ಯಕ್ಕೆ ಹೋಗುವವರಿಗೆ. ಅವರು ಹೊಸ ರಾಜ್ಯದಲ್ಲಿ 60 ದಿನದೊಳಗೆ ಅರ್ಜಿ ಹಾಕಬೇಕು. ಹೊಸದು ಬರುವವರೆಗೆ ಹಳೆಯದರಲ್ಲಿ ಕೆಲಸ ಮುಂದುವರಿಸಬಹುದು. ಮನೆ ಬದಲಿಸುವ ಮೊದಲೇ ಅರ್ಜಿ ಹಾಕಲೂ ಅವಕಾಶ ಇದೆ, ಆದರೆ ಅಲ್ಲಿನ ವಾಸದ ದಾಖಲೆ ಕೊಡುವವರೆಗೆ ಲೈಸೆನ್ಸ್ ಕೈಗೆ ಬರುವುದಿಲ್ಲ. ಹೊರಗಿನ ರಾಜ್ಯಕ್ಕೆ ಹೋಗುವವರಿಗೆ ಇಂಥ ಗಡುವೇ ಇಲ್ಲ, ಏಕೆಂದರೆ ಅಲ್ಲಿ ಬದಲಿಸಿಕೊಳ್ಳಲು ಮಲ್ಟಿಸ್ಟೇಟ್ ಲೈಸೆನ್ಸೇ ಇಲ್ಲ.

ಫೋನ್‌ನ ಯಾವ ತುದಿ ಲೆಕ್ಕಕ್ಕೆ?

ಮನೆಯಿಂದ ಕೆಲಸ ಮಾಡುವ ನರ್ಸ್‌ಗಳಲ್ಲಿ ಅತಿ ದೊಡ್ಡ ಗೊಂದಲ ಇದು. "ನಾನು ಕೂತಿರುವುದು ಒಂದೇ ಕಡೆ, ನಾನೇಕೆ ಬೇರೆ ರಾಜ್ಯದ ಚಿಂತೆ ಮಾಡಲಿ?" ಎನ್ನುತ್ತಾರೆ. ಕಾಂಪ್ಯಾಕ್ಟ್ ಕಾನೂನು ಇಲ್ಲಿ ಸ್ಪಷ್ಟವಾಗಿದೆ: ಸೇವೆ ಕೊಡುವ ಹೊತ್ತಿನಲ್ಲಿ ರೋಗಿ ಎಲ್ಲಿದ್ದಾರೋ ಆ ರಾಜ್ಯದ ಕಾನೂನು, ಆ ರಾಜ್ಯದ ಬೋರ್ಡ್, ಆ ರಾಜ್ಯದ ಕೋರ್ಟ್. ಇನ್ನೊಂದು ಮಾತೂ ಆ ಕಾನೂನಿನಲ್ಲಿದೆ. ನರ್ಸಿಂಗ್ ಎಂದರೆ ಹಾಸಿಗೆಯ ಪಕ್ಕದ ಆರೈಕೆ ಅಷ್ಟೇ ಅಲ್ಲ. ರೋಗಿ ಇರುವ ರಾಜ್ಯದ ಕಾನೂನು ಯಾವುದನ್ನೆಲ್ಲ ನರ್ಸಿಂಗ್ ಎನ್ನುತ್ತದೋ ಅದೆಲ್ಲವೂ ಸೇರುತ್ತದೆ. ಹಾಗಾಗಿ "ನಾವು ಸುಮ್ನೆ ಫೋನ್‌ನಲ್ಲಿ ಮಾತಾಡುತ್ತೇವೆ, ಅದು ನರ್ಸಿಂಗ್ ಅಲ್ಲ" ಎಂಬ ವಾದ ನಿಲ್ಲುವುದಿಲ್ಲ. ಕಾಲು ಊದಿಕೊಂಡಿದೆಯಾ ಎಂದು ಕೇಳಿ, ಉತ್ತರ ತೂಗಿ, ಇವತ್ತೇ ಡಾಕ್ಟರ್ ಹತ್ತಿರ ಹೋಗಿ ಎನ್ನುವುದು ನರ್ಸಿಂಗ್ ತೀರ್ಮಾನವೇ.

ಇದರಿಂದ ದಿನದ ಕೆಲಸದಲ್ಲೇ ಒಂದು ಬದಲಾವಣೆ ಬೇಕಾಗುತ್ತದೆ. ರೋಗಿಯ ಕಡತದಲ್ಲಿರುವ ವಿಳಾಸ ನಂಬಿದರೆ ಸಾಲದು. ಮಿಸೌರಿಯ ಹಿರಿಯರು ಚಳಿಗಾಲಕ್ಕೆ ಫ್ಲೋರಿಡಾಕ್ಕೆ ಹೋಗುತ್ತಾರೆ. ಎರಡೂ ಕಾಂಪ್ಯಾಕ್ಟ್ ರಾಜ್ಯ ಆದ್ದರಿಂದ ಮಲ್ಟಿಸ್ಟೇಟ್ ಇರುವ ನರ್ಸ್‌ಗೆ ತೊಂದರೆ ಇಲ್ಲ. ಆದರೆ ಅರಿಜೋನಾದ ಅಜ್ಜಿ ಮಗಳ ಮನೆಗೆಂದು ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದರೆ? ಆ ದಿನದ ಮಟ್ಟಿಗೆ ಆಕೆ ಕ್ಯಾಲಿಫೋರ್ನಿಯಾದ ರೋಗಿ. ಕಾಂಪ್ಯಾಕ್ಟ್ ಅಲ್ಲಿ ನಡೆಯುವುದಿಲ್ಲ. ಪ್ರತಿ ಕರೆಯ ಶುರುವಿನಲ್ಲಿ "ನೀವು ಈಗ ಯಾವ ಊರಲ್ಲಿದ್ದೀರಿ?" ಎಂದು ಕೇಳಿ ಬರೆದಿಟ್ಟುಕೊಳ್ಳುವುದು ಅದಕ್ಕೇ ಬೇಕು. ತುರ್ತು ಸಂದರ್ಭದಲ್ಲಿ ಆಂಬುಲೆನ್ಸ್ ಎಲ್ಲಿಗೆ ಕಳಿಸಬೇಕು ಎಂದು ತಿಳಿಯಲೂ ಅದೇ ಪ್ರಶ್ನೆ ಬೇಕು. ನನ್ನ ಪ್ರಕಾರ ಇದನ್ನು ಕೇಳದ ಫೋನ್ ಕೇರ್ ಅಪಾಯದ ಕೆಲಸ.

ಹಾಗಾದರೆ ನರ್ಸ್ ಕೂತಿರುವ ರಾಜ್ಯಕ್ಕೆ ಏನೂ ಮಾತಿಲ್ಲವೇ? ಹಾಗೂ ಅಲ್ಲ. ನರ್ಸ್ ಇರುವ ರಾಜ್ಯದ ಲೈಸೆನ್ಸೂ ಇರಲಿ ಎಂದು ಕೇಳುವ ಕಂಪನಿಗಳಿವೆ. ಅದು ಒಳ್ಳೆಯ ಅಭ್ಯಾಸ. ಹೊಸ ರಾಜ್ಯದ ಬೋರ್ಡ್‌ಗೆ ಬರೆದು, ಬರಹದಲ್ಲೇ ಉತ್ತರ ಪಡೆದು ಇಟ್ಟುಕೊಳ್ಳುವುದು ಇನ್ನೂ ಒಳ್ಳೆಯದು.

ನವೆಂಬರ್

ಟೆಕ್ಸಾಸ್‌ನಲ್ಲಿ ನರ್ಸ್ ಲೈಸೆನ್ಸ್ ಎರಡು ವರ್ಷಕ್ಕೊಮ್ಮೆ ನವೀಕರಣ. ಹುಟ್ಟಿದ ತಿಂಗಳ ಕೊನೆಗೆ ಅವಧಿ ಮುಗಿಯುತ್ತದೆ. ಬೆಸ ವರ್ಷದಲ್ಲಿ ಹುಟ್ಟಿದವರಿಗೆ ಬೆಸ ವರ್ಷದಲ್ಲಿ, ಸಮ ವರ್ಷದವರಿಗೆ ಸಮ ವರ್ಷದಲ್ಲಿ. ಸಿಸ್ಟರ್ 1991ರ ನವೆಂಬರ್‌ನಲ್ಲಿ ಹುಟ್ಟಿದವರು. 20 ಗಂಟೆಯ ಮುಂದುವರಿಕೆ ಕಲಿಕೆ ಆಗಲೇ ಮುಗಿಸಿದ್ದರು. ನವೀಕರಣದ ಫಾರ್ಮ್‌ನಲ್ಲಿ ಕಾಯಂ ವಾಸದ ರಾಜ್ಯ ಯಾವುದು ಎಂಬ ಪ್ರಶ್ನೆ ಬಂತು. ಇದ್ದದ್ದನ್ನು ಇದ್ದ ಹಾಗೆ ಇಲಿನಾಯ್ ಎಂದು ಹಾಕಿದರು.

ಲೈಸೆನ್ಸ್ ಸಿಂಗಲ್ ಸ್ಟೇಟ್ ಆಗಿ ದಾಖಲಾಯಿತು. ನರ್ಸಿಂಗ್ ಬೋರ್ಡ್‌ಗಳ ರಾಷ್ಟ್ರೀಯ ಕೂಟವಾದ ಎನ್‌ಸಿಎಸ್‌ಬಿಎನ್ ನಡೆಸುವ ನರ್ಸಿಸ್ ಎಂಬ ದತ್ತಾಂಶ ಜಾಲತಾಣದಲ್ಲಿ ಅದು ಕಾಣಿಸಿತು. ಕಂಪನಿ ಅಲ್ಲಿನ ಇ-ನೋಟಿಫೈ ಸೇವೆಯಲ್ಲಿ ತನ್ನ ನರ್ಸ್‌ಗಳ ಹೆಸರು ಸೇರಿಸಿಟ್ಟಿತ್ತು. ಲೈಸೆನ್ಸ್ ಸ್ಥಿತಿ ಬದಲಾಯಿತು ಎಂಬ ಸೂಚನೆ ಬಂತು. ಕಂಪನಿಯ ಲೈಸೆನ್ಸ್ ನೋಡುವ ಮೇಜಿಗೆ ಆಗ ವಿಷಯ ತಲುಪಿತು. ಮನೆ ಬದಲಾಗಿ ಐದು ತಿಂಗಳಾಗಿತ್ತು.

ಇಲ್ಲಿ ಒಂದು ಸಂಗತಿ ನನಗೆ ಬಹಳ ಮುಖ್ಯ ಅನಿಸುತ್ತದೆ. ಕಂಪನಿಗೆ ಐದು ತಿಂಗಳು ಗೊತ್ತೇ ಇರಲಿಲ್ಲ ಎನ್ನುವುದು ಪೂರ್ತಿ ನಿಜವಲ್ಲ. ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. ಇಲಿನಾಯ್‌ನಲ್ಲಿ 4.95 ಶೇಕಡಾ ಇದೆ. ಸಿಸ್ಟರ್ ಪೋರ್ಟಲ್‌ನಲ್ಲಿ ವಿಳಾಸ ಬದಲಿಸಿದ ಮುಂದಿನ ಸಂಬಳದಿಂದಲೇ ಇಲಿನಾಯ್ ತೆರಿಗೆ ಕಡಿತ ಶುರುವಾಗಿತ್ತು. ಸಂಬಳ ಕೊಡುವ ವಿಭಾಗಕ್ಕೆ ಮೊದಲ ತಿಂಗಳೇ ಗೊತ್ತಿತ್ತು. ಮ್ಯಾನೇಜರ್‌ಗೆ ಅದಕ್ಕೂ ಮೊದಲೇ ಗೊತ್ತಿತ್ತು. ಲೈಸೆನ್ಸ್ ಮೇಜಿಗೆ ಯಾರೂ ಹೇಳಲಿಲ್ಲ, ಅಷ್ಟೇ. ಮನೆಯಿಂದ ಕೆಲಸ ಮಾಡುವ ನರ್ಸ್‌ನ ವಿಳಾಸ ಬದಲಾದರೆ ಅದು ಮೊದಲು ಲೈಸೆನ್ಸ್‌ಗೆ ಸಂಬಂಧಿಸಿದ ಸುದ್ದಿ, ಆಮೇಲೆ ತೆರಿಗೆಯದು. ಕಂಪನಿಗಳು ಇದನ್ನು ತಲೆಕೆಳಗಾಗಿ ಮಾಡುತ್ತವೆ.

ಇ-ನೋಟಿಫೈ ಒಳ್ಳೆಯ ಸೇವೆ, ಉಚಿತವೂ ಹೌದು. ಲೈಸೆನ್ಸ್ ಅವಧಿ ಮುಗಿಯುವುದು, ಶಿಸ್ತುಕ್ರಮ, ಸ್ಥಿತಿ ಬದಲಾವಣೆ ಎಲ್ಲ ತಿಳಿಸುತ್ತದೆ. ಆದರೆ ಅದು ಬೋರ್ಡ್‌ಗೆ ಗೊತ್ತಿರುವುದನ್ನು ಮಾತ್ರ ಹೇಳಬಲ್ಲದು. ನರ್ಸ್ ಮನೆ ಬದಲಿಸಿದ್ದು ಬೋರ್ಡ್‌ಗೇ ಗೊತ್ತಿಲ್ಲದಿದ್ದರೆ ಅಲ್ಲಿ "ಮಲ್ಟಿಸ್ಟೇಟ್" ಎಂದೇ ತೋರಿಸುತ್ತಿರುತ್ತದೆ. ಜೂನ್‌ನಿಂದ ನವೆಂಬರ್‌ವರೆಗೆ ಸಿಸ್ಟರ್ ಹೆಸರಿನ ಮುಂದೆ ಹಾಗೇ ಇತ್ತು. ಕಂಪನಿ ನಡುವೆ ಪರೀಕ್ಷಿಸಿದ್ದರೂ ಎಲ್ಲ ಸರಿ ಎಂದೇ ಕಾಣುತ್ತಿತ್ತು.

ಮುಂದೆ ಏನು ಮಾಡಿದರು

ಆ ದಿನವೇ ನಾಲ್ಕು ರಾಜ್ಯಗಳ ಕರೆಗಳನ್ನು ನಿಲ್ಲಿಸಿ, ಆ ರೋಗಿಗಳನ್ನು ಬೇರೆ ನರ್ಸ್‌ಗಳಿಗೆ ವಹಿಸಿದರು. ಮೊದಲ ಹೆಜ್ಜೆ ಇದೇ ಆಗಬೇಕು. "ಈ ವಾರ ಮುಗಿಸಿಬಿಡಿ" ಎಂದಿದ್ದರೆ ತಿಳಿದೂ ಮಾಡಿದ ತಪ್ಪಾಗುತ್ತಿತ್ತು. ತಿಳಿಯದೆ ಆದದ್ದಕ್ಕೂ ತಿಳಿದು ಮುಂದುವರಿಸಿದ್ದಕ್ಕೂ ಬೋರ್ಡ್‌ಗಳ ಕಣ್ಣಲ್ಲಿ ಅಜಗಜಾಂತರ. ರೋಗಿಯನ್ನು ನಡುವೆ ಕೈಬಿಡುವುದೂ ಸರಿಯಲ್ಲ, ಹಾಗಾಗಿ ಯಾರ ಔಷಧಿ ಬದಲಾಗಿದೆ, ಯಾರಿಗೆ ನಾಳೆ ಫೋನ್ ಮಾಡಬೇಕು ಎಂಬ ವಿವರವನ್ನು ಒಬ್ಬೊಬ್ಬರದಾಗಿ ಹಸ್ತಾಂತರಿಸಿದರು.

ಆಮೇಲೆ ಜೂನ್‌ನಿಂದ ಆದ ಎಲ್ಲ ಕರೆಗಳನ್ನು ರೋಗಿ ಇದ್ದ ರಾಜ್ಯದ ಪ್ರಕಾರ ಬೇರ್ಪಡಿಸಿದರು. ಯಾವ ಸೇವೆಗೆ ಇನ್ಶೂರೆನ್ಸ್‌ಗೆ ಬಿಲ್ ಹೋಗಿದೆ ಎಂದು ನೋಡಬೇಕಾಯಿತು. ಲೈಸೆನ್ಸ್ ಇಲ್ಲದೆ ಕೊಟ್ಟ ಸೇವೆಗೆ ಹಣ ಪಡೆದಿದ್ದರೆ ಅದು ಇನ್ನೊಂದು ಸಮಸ್ಯೆ. ಅದನ್ನು ಕಂಪನಿಯ ವಕೀಲರು ಕೈಗೆ ತೆಗೆದುಕೊಂಡರು.

ಸಿಸ್ಟರ್‌ಗೆ ನಾನು ಹೇಳುವ ಮೊದಲ ಮಾತು: ಕಂಪನಿಯ ವಕೀಲರು ಕಂಪನಿಯ ವಕೀಲರು, ನಿಮ್ಮವರಲ್ಲ. ಅವರು ಒಳ್ಳೆಯವರೇ ಇರಬಹುದು, ಮೃದುವಾಗಿ ಮಾತಾಡಬಹುದು. ಆದರೆ ಲೈಸೆನ್ಸ್ ನಿಮ್ಮ ಹೆಸರಿನಲ್ಲಿದೆ. ಲೈಸೆನ್ಸ್ ಇಲ್ಲದೆ ಕೆಲಸ ಮಾಡಿದ್ದಕ್ಕೆ ಉತ್ತರ ಕೊಡಬೇಕಾದವರು ನೀವು. ಬೋರ್ಡ್ ವಿಷಯ ತಿಳಿದ ಸ್ವಂತ ವಕೀಲರೊಬ್ಬರು ಬೇಕು. ನರ್ಸ್‌ಗಳು ಸ್ವಂತವಾಗಿ ತೆಗೆದುಕೊಳ್ಳುವ ಮಾಲ್‌ಪ್ರಾಕ್ಟಿಸ್ (ವೃತ್ತಿಯ ತಪ್ಪುಗಳ) ಇನ್ಶೂರೆನ್ಸ್‌ನಲ್ಲಿ ಲೈಸೆನ್ಸ್ ರಕ್ಷಣೆಯ ಖರ್ಚೂ ಸೇರಿರುವುದುಂಟು. ಆ ಕಾಗದ ತೆಗೆದು ಓದಿ.

ಈ ಪ್ರಕರಣದ ಸಿಸ್ಟರ್ ವಕೀಲರ ಸಲಹೆ ಪಡೆದು, ಟೆಕ್ಸಾಸ್ ಬೋರ್ಡ್‌ಗೂ ಉಳಿದ ನಾಲ್ಕು ಬೋರ್ಡ್‌ಗಳಿಗೂ ತಾವೇ ಬರೆದು ತಿಳಿಸಿದರು. ಯಾವ ದಿನ ಮನೆ ಬದಲಾಯಿತು, ಯಾವಾಗ ಗೊತ್ತಾಯಿತು, ಯಾವಾಗ ನಿಲ್ಲಿಸಿದರು ಎಲ್ಲ ಇತ್ತು. ಇದು ಹೆದರಿಕೆಯ ಕೆಲಸ. ಪ್ರತಿ ರಾಜ್ಯದ ಬೋರ್ಡ್ ಬೇರೆ ಬೇರೆ ರೀತಿ ನೋಡಬಹುದು: ಒಂದು ಎಚ್ಚರಿಕೆ ಪತ್ರ, ದಂಡ, ಅಥವಾ ದಾಖಲೆಯಲ್ಲಿ ಉಳಿಯುವ ಶಿಸ್ತುಕ್ರಮ. ಶಿಸ್ತುಕ್ರಮ ನರ್ಸಿಸ್‌ನಲ್ಲಿ ಎಲ್ಲರಿಗೂ ಕಾಣುತ್ತದೆ. ಮುಂದೆ ಯಾವ ರಾಜ್ಯದಲ್ಲಿ ಅರ್ಜಿ ಹಾಕಿದರೂ ಅದರ ಬಗ್ಗೆ ಪ್ರಶ್ನೆ ಬರುತ್ತದೆ. ಹಾಗಿದ್ದೂ ನಾನು ಮುಚ್ಚಿಡಿ ಎನ್ನುವುದಿಲ್ಲ. ಕರೆಗಳ ದಾಖಲೆ, ತೆರಿಗೆಯ ದಾಖಲೆ, ಡ್ರೈವಿಂಗ್ ಲೈಸೆನ್ಸ್‌ನ ತಾರೀಖು ಎಲ್ಲ ಇರುವಾಗ ಮುಚ್ಚಿಡಲು ಏನೂ ಉಳಿದಿರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ರೋಗಿಯ ಜೀವ ನೋಡುವ ಕೆಲಸದಲ್ಲಿ ನಂಬಿಕೆ ದೊಡ್ಡದು.

ಲೈಸೆನ್ಸ್ ವಿಷಯದಲ್ಲಿ ಎರಡು ಕೆಲಸ ಒಟ್ಟಿಗೆ ಶುರುವಾದವು. ಒಂದು, ಇಲಿನಾಯ್‌ಗೆ ಎಂಡಾರ್ಸ್‌ಮೆಂಟ್ ಅರ್ಜಿ. ಹೊರದೇಶದಲ್ಲಿ ಓದಿದವರಿಗೆ ಇಲ್ಲಿ ಮತ್ತೆ ಕಾಗದಗಳ ಓಡಾಟ ಬರಬಹುದು. ಓದಿನ ಪರಿಶೀಲನಾ ವರದಿ, ಮಂಗಳೂರಿನ ಕಾಲೇಜಿನ ಟ್ರಾನ್ಸ್‌ಕ್ರಿಪ್ಟ್, ಕರ್ನಾಟಕ ಕೌನ್ಸಿಲ್‌ನ ದೃಢೀಕರಣ. ಹಿಂದೆ ಹೊರದೇಶದ ನರ್ಸ್‌ಗಳ ಓದನ್ನು ಪರಿಶೀಲಿಸುವ ಸಿಜಿಎಫ್‌ಎನ್‌ಎಸ್ ಸಂಸ್ಥೆಯ ಮೂಲಕ ಮಾಡಿಸಿದ್ದ ವರದಿಯ ಪ್ರತಿ ಸಿಸ್ಟರ್ ಹತ್ತಿರ ಜೋಪಾನವಾಗಿತ್ತು. ಸಂಸ್ಥೆ ಈಗ ಟ್ರೂಮೆರಿಟ್ ಎಂದು ಹೆಸರು ಬದಲಿಸಿಕೊಂಡಿದೆ, ಹುಡುಕುವವರು ಗಮನಿಸಿ. ಎರಡನೆಯದು, ರೋಗಿಗಳಿರುವ ರಾಜ್ಯಗಳಲ್ಲಿ ಒಂದೊಂದಾಗಿ ಸಿಂಗಲ್ ಸ್ಟೇಟ್ ಲೈಸೆನ್ಸ್. ಕಾಂಪ್ಯಾಕ್ಟ್‌ನ ಹೊರಗೆ ವಾಸಿಸುವವರೂ ಕಾಂಪ್ಯಾಕ್ಟ್ ರಾಜ್ಯದಲ್ಲಿ ಇದನ್ನು ಪಡೆಯಬಹುದು. ಪ್ರತಿಯೊಂದಕ್ಕೂ ಬೇರೆ ಶುಲ್ಕ, ಬೇರೆ ಬೆರಳಚ್ಚು, ಬೇರೆ ಕಾಯುವಿಕೆ. ಫ್ಲೋರಿಡಾದಲ್ಲಿ 2019ರ ಕಾನೂನಿನಿಂದ ಬಂದ ಇನ್ನೊಂದು ದಾರಿಯೂ ಇದೆ: ಹೊರರಾಜ್ಯದ ಆರೋಗ್ಯ ಕೆಲಸಗಾರರು ಟೆಲಿಹೆಲ್ತ್‌ಗಾಗಿಯೇ (ಫೋನ್, ವಿಡಿಯೋ ಮೂಲಕ ದೂರದಿಂದ ಕೊಡುವ ಸೇವೆ) ನೋಂದಣಿ ಮಾಡಿಸಿಕೊಳ್ಳಬಹುದು. ಹಾಗಾಗಿ ಕಂಪನಿ ಫ್ಲೋರಿಡಾ ಮತ್ತು ಮಿಸೌರಿಯನ್ನು ಮೊದಲು ಹಿಡಿಯಿತು. ಓಕ್ಲಹೋಮಾದಲ್ಲಿ ಸಿಸ್ಟರ್‌ಗೆ ಇದ್ದ ರೋಗಿಗಳು ಕಡಿಮೆ, ಅದನ್ನು ಬಿಟ್ಟಿತು.

ಈ ಅರ್ಜಿಗಳ ಖರ್ಚು ಯಾರದು? ಕಂಪನಿಯದು ಎನ್ನುವುದು ನನ್ನ ಖಚಿತ ಅಭಿಪ್ರಾಯ. ನಾಲ್ಕಾರು ರಾಜ್ಯಗಳ ರೋಗಿಗಳಿಂದ ವ್ಯಾಪಾರ ಮಾಡುವುದು ಕಂಪನಿ. ಆ ರಾಜ್ಯಗಳ ಲೈಸೆನ್ಸ್ ಕೂಡ ವ್ಯಾಪಾರದ ಖರ್ಚೇ. ಈ ಪ್ರಕರಣದಲ್ಲಿ ಕಂಪನಿ ಕೊಟ್ಟಿತು. ಕೆಲಸಕ್ಕೆ ಸೇರುವಾಗಲೇ ಇದನ್ನು ಬರಹದಲ್ಲಿ ಕೇಳಿ ಇಟ್ಟುಕೊಳ್ಳಿ.

ಸ್ನೇಹಿತರು ಕೊಟ್ಟ ಸಲಹೆ

ವಿಷಯ ಹರಡಿದ ಮೇಲೆ ಸಲಹೆಗಳೂ ಬಂದವು. "ಡಲ್ಲಾಸ್‌ನಲ್ಲಿ ನಿಮ್ಮ ಅಣ್ಣ ಇದ್ದಾರಲ್ಲ, ಅವರ ಮನೆ ವಿಳಾಸ ಕೊಟ್ಟುಬಿಡಿ. ಟೆಕ್ಸಾಸ್ ಲೈಸೆನ್ಸ್ ಮಲ್ಟಿಸ್ಟೇಟ್ ಆಗಿಯೇ ಇರುತ್ತೆ." ಹೀಗೆ ಹೇಳುವವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ದಯವಿಟ್ಟು ಮಾಡಬೇಡಿ. ಕಾಯಂ ವಾಸದ ರಾಜ್ಯ ಒಂದೇ ಇರಲು ಸಾಧ್ಯ. ಅದನ್ನು ನೋಡುವುದು ಡ್ರೈವಿಂಗ್ ಲೈಸೆನ್ಸ್, ಫೆಡರಲ್ ಆದಾಯ ತೆರಿಗೆ ರಿಟರ್ನ್, ಡಬ್ಲ್ಯೂ-2 (ಕಂಪನಿ ಕೊಡುವ ವರ್ಷದ ಸಂಬಳ, ತೆರಿಗೆಯ ಪತ್ರ), ಮತದಾರರ ನೋಂದಣಿಯಂಥ ದಾಖಲೆಗಳಿಂದ. ಗ್ರೀನ್ ಕಾರ್ಡ್‌ನವರಿಗೆ ಮತದಾನದ ಹಕ್ಕಿಲ್ಲದ್ದರಿಂದ ಉಳಿದವೇ ಗತಿ. ಟೆಕ್ಸಾಸ್‌ನಲ್ಲಿ ಒಂದು ಮನೆ ಸ್ವಂತ ಇದ್ದು ಬಾಡಿಗೆಗೆ ಕೊಟ್ಟಿದ್ದೀರಿ ಎನ್ನುವುದೂ ಸಾಲದು. ಇಲಿನಾಯ್‌ನಲ್ಲಿ ತೆರಿಗೆ ಕಟ್ಟಿ, ಮಕ್ಕಳನ್ನು ಶಾಲೆಗೆ ಕಳಿಸಿ, ಬೋರ್ಡ್ ಮುಂದೆ ಟೆಕ್ಸಾಸ್ ನಿವಾಸಿ ಎಂದರೆ ಅದು ಸುಳ್ಳು ಘೋಷಣೆ. ಮನೆ ಬದಲಿಸಿದ್ದು ಮರೆತದ್ದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಪೌರತ್ವದ ಅರ್ಜಿ ಮುಂದಿರುವವರಂತೂ ಇದರ ಹತ್ತಿರವೂ ಹೋಗಬಾರದು.

ವೀಸ ಮೇಲೆ ಇರುವವರಿಗೆ ಇನ್ನೊಂದು ನಿಯಮ ಇದೆ. ಹೊರದೇಶದ ನರ್ಸ್ ಕಾಂಪ್ಯಾಕ್ಟ್ ರಾಜ್ಯದಲ್ಲಿ ಅರ್ಜಿ ಹಾಕುವಾಗ ಕಾಯಂ ವಾಸ ಎಂದು ಸ್ವದೇಶವನ್ನೂ ಹೇಳಬಹುದು, ಆ ರಾಜ್ಯವನ್ನೂ ಹೇಳಬಹುದು. ಭಾರತ ಎಂದು ಹಾಕಿದರೆ ಸಿಂಗಲ್ ಸ್ಟೇಟ್ ಲೈಸೆನ್ಸ್ ಮಾತ್ರ ಬರುತ್ತದೆ. ಫಾರ್ಮ್ ತುಂಬುವಾಗ ಅವಸರದಲ್ಲಿ ಭಾರತ ಎಂದು ಹಾಕಿ, ಆಮೇಲೆ ಮಲ್ಟಿಸ್ಟೇಟ್ ಯಾಕೆ ಬಂದಿಲ್ಲ ಎಂದು ತಲೆಕೆಡಿಸಿಕೊಳ್ಳುವುದು ಬೇಡ.

ನಿಜವಾಗಿಯೂ ಬೇರೆ ದಾರಿ ಇತ್ತಾ? ಇತ್ತು, ಆದರೆ ಮನೆ ಹುಡುಕುವ ಹೊತ್ತಿಗೆ. ಶಿಕಾಗೋ ಪಕ್ಕದಲ್ಲೇ ಇಂಡಿಯಾನಾ ಗಡಿ. ಮನ್‌ಸ್ಟರ್‌ನಂಥ ಊರುಗಳಿಂದ ಶಿಕಾಗೋ ನಗರದ ನಡುವಿಗೆ ಇರುವ ದೂರಕ್ಕೂ ನೇಪರ್‌ವಿಲ್‌ನಿಂದ ಇರುವ ದೂರಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಇಂಡಿಯಾನಾ 2020ರ ಜುಲೈನಿಂದ ಕಾಂಪ್ಯಾಕ್ಟ್‌ನಲ್ಲಿದೆ. ಅಲ್ಲಿ ಮನೆ ಮಾಡಿ, 60 ದಿನದೊಳಗೆ ಅರ್ಜಿ ಹಾಕಿದ್ದರೆ ಕೆಲಸ ಒಂದು ದಿನವೂ ನಿಲ್ಲುತ್ತಿರಲಿಲ್ಲ. ಮಿಸಿಸಿಪ್ಪಿ ನದಿಯ ಪಕ್ಕದಲ್ಲಿ ಇದು ಇನ್ನೂ ಸ್ಪಷ್ಟ. ಈ ದಡದ ಡಾವೆನ್‌ಪೋರ್ಟ್ ಅಯೋವಾದಲ್ಲಿದೆ, ಕಾಂಪ್ಯಾಕ್ಟ್ ಒಳಗೆ. ಆ ದಡದ ಮೊಲೀನ್ ಇಲಿನಾಯ್‌ನಲ್ಲಿದೆ, ಕಾಂಪ್ಯಾಕ್ಟ್ ಹೊರಗೆ. ಶಾಲೆ, ಸಾಲ, ನಮ್ಮವರ ನೆರೆಹೊರೆ ಎಲ್ಲ ನೋಡಿ ನೇಪರ್‌ವಿಲ್ ಎಂದೇ ನಿರ್ಧರಿಸುವುದು ತಪ್ಪಲ್ಲ. ಲೈಸೆನ್ಸ್ ಕೂಡ ಆ ಲೆಕ್ಕದಲ್ಲಿ ಒಂದು ಸಾಲಾಗಿ ಇರಬೇಕಿತ್ತು, ಅಷ್ಟೇ. ಹೆಂಡತಿ ನರ್ಸ್ ಆಗಿರುವ ಮನೆಯಲ್ಲಿ ಗಂಡನ ವರ್ಗಾವಣೆ ಒಬ್ಬರ ವರ್ಗಾವಣೆ ಅಲ್ಲ.

ಕಂಪನಿ ಬದಲಿಸಿಕೊಂಡದ್ದು

ಈಗ ಪೋರ್ಟಲ್‌ನಲ್ಲಿ ನರ್ಸ್ ವಿಳಾಸದ ರಾಜ್ಯ ಬದಲಿಸಿದರೆ ಅದೇ ದಿನ ಲೈಸೆನ್ಸ್ ಮೇಜಿಗೆ ಸಂದೇಶ ಹೋಗುತ್ತದೆ. ಹೊಸ ರಾಜ್ಯ ಕಾಂಪ್ಯಾಕ್ಟ್‌ನಲ್ಲಿ ಇಲ್ಲದಿದ್ದರೆ, ಅಲ್ಲಿಗೆ ಹೋಗುವ ಮೊದಲೇ ಮಾತಾಡಬೇಕು ಎಂಬ ನಿಯಮ ಬಂದಿದೆ. ಕರೆಗಳನ್ನು ಹಂಚುವ ತಂತ್ರಾಂಶ ನರ್ಸ್‌ಗೆ ಅಧಿಕಾರ ಇಲ್ಲದ ರಾಜ್ಯದ ರೋಗಿಯನ್ನು ಅವರ ಪಟ್ಟಿಗೆ ಹಾಕುವುದೇ ಇಲ್ಲ. ಲೈಸೆನ್ಸ್‌ನ ಪ್ರತಿ ಅಥವಾ ಫೋಟೋವನ್ನು ಪುರಾವೆ ಎಂದು ತೆಗೆದುಕೊಳ್ಳುವುದು ನಿಂತಿದೆ, ಪ್ರತಿ ಸಲ ನರ್ಸಿಸ್‌ನಲ್ಲೇ ನೋಡುತ್ತಾರೆ.

ರಾಜ್ಯಗಳ ಪಟ್ಟಿಯನ್ನು ಆಗಾಗ ತಿರುಗಿ ನೋಡುವ ಕೆಲಸವನ್ನೂ ಒಬ್ಬರಿಗೆ ವಹಿಸಿದ್ದಾರೆ. ಕಾನೂನು ಪಾಸಾದ ದಿನವೇ ಜಾರಿಯಾಗುವುದಿಲ್ಲ ಎಂಬುದಕ್ಕೆ ಪೆನ್ಸಿಲ್ವೇನಿಯಾ ಉದಾಹರಣೆ. ಅಲ್ಲಿ 2021ರಲ್ಲಿ ಕಾನೂನು ಆಯಿತು. ಹೊರರಾಜ್ಯದ ಮಲ್ಟಿಸ್ಟೇಟ್ ನರ್ಸ್‌ಗಳು ಅಲ್ಲಿ ಕೆಲಸ ಮಾಡಬಹುದಾದದ್ದು 2023ರ ಸೆಪ್ಟೆಂಬರ್‌ನಿಂದ. ಅಲ್ಲಿನವರಿಗೇ ಮಲ್ಟಿಸ್ಟೇಟ್ ಲೈಸೆನ್ಸ್ ಸಿಗಲು ಶುರುವಾದದ್ದು 2025ರ ಜುಲೈನಲ್ಲಿ. ಮಸಾಚುಸೆಟ್ಸ್ 2024ರ ನವೆಂಬರ್‌ನಲ್ಲಿ ಕಾನೂನು ಮಾಡಿತು. ಮರುವರ್ಷದ ನವೆಂಬರ್‌ನಲ್ಲಿ, ಈ ಪ್ರಕರಣ ಬೆಳಕಿಗೆ ಬಂದಾಗಲೂ, ಅಲ್ಲಿ ಜಾರಿ ಮುಗಿದಿರಲಿಲ್ಲ. ಪತ್ರಿಕೆಯಲ್ಲಿ ಸುದ್ದಿ ಓದಿ ನರ್ಸ್‌ನನ್ನು ಕೆಲಸಕ್ಕೆ ಹಚ್ಚಿದರೆ ಇನ್ನೊಂದು ಇಂಥದ್ದೇ ಪ್ರಕರಣ ಆಗುತ್ತದೆ.

ಸಿಸ್ಟರ್ ಈಗ ಟೆಕ್ಸಾಸ್ ರೋಗಿಗಳನ್ನು ನೋಡಿಕೊಳ್ಳುತ್ತಿದ್ದಾರೆ. ಉಳಿದ ರಾಜ್ಯಗಳದ್ದು ಒಂದೊಂದಾಗಿ ಬಂದ ಹಾಗೆ ಸೇರಿಸುತ್ತಿದ್ದಾರೆ. ಹಳೆಯ ನ್ಯೂಯಾರ್ಕ್ ಲೈಸೆನ್ಸ್ ಕೂಡ ಕೈಯಲ್ಲಿದೆ. ಅಲ್ಲಿ ಲೈಸೆನ್ಸ್ ಜೀವನಪರ್ಯಂತ, ಆದರೆ ಮೂರು ವರ್ಷಕ್ಕೊಮ್ಮೆ ನೋಂದಣಿ ಮುಂದುವರಿಸದೆ ಕೆಲಸ ಮಾಡುವಂತಿಲ್ಲ. ಮಲ್ಟಿಸ್ಟೇಟ್ ಇದ್ದಾಗ ನೆನಪಿಡಬೇಕಾದ ತಾರೀಖು ಒಂದಿತ್ತು. ಈಗ ಟೆಕ್ಸಾಸ್‌ಗೆ ಬೆಸ ವರ್ಷದ ನವೆಂಬರ್, ಇಲಿನಾಯ್‌ಗೆ ಸಮ ವರ್ಷದ ಮೇ 31, ಉಳಿದವಕ್ಕೆ ಅವುಗಳದೇ ತಾರೀಖು. ಇಲಿನಾಯ್ ಲೈಸೆನ್ಸ್ ಬಂದರೆ ಅಲ್ಲಿನ 20 ಗಂಟೆಯ ಕಲಿಕೆಯನ್ನೂ ಟೆಕ್ಸಾಸ್‌ನದನ್ನೂ ಒಂದೇ ಕೋರ್ಸ್‌ಗಳಿಂದ ಪೂರೈಸಬಹುದಾ ಎಂದು ಸಿಸ್ಟರ್ ಎರಡೂ ಬೋರ್ಡ್‌ಗಳಿಗೆ ಬರೆದು ಕೇಳಿದ್ದಾರೆ. ಈ ಸಲ ಕೋರ್ಸ್‌ಗೆ ಸೇರುವ ಮೊದಲೇ.